ಸತ್ಯಾಂಶ: ಲಾಂಛನದ ಕೆಂಪು ಎಂದರೆ ರಕ್ತವೇ?

ಯುರೋಪಿನ ಊರು, ಮನೆತನಗಳ ಗುರಾಣಿಯಾಕಾರದ ಲಾಂಛನಗಳಲ್ಲಿ ಕೆಂಪು ಎಂದರೆ ರಕ್ತ, ನೀಲಿ ಎಂದರೆ ನಿಷ್ಠೆ ಎನ್ನುವ ಪಟ್ಟಿಯೊಂದು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಓದಲು ಚೆಂದವೇ, ಆದರೆ ಅಂಥ ಸ್ಥಿರ ಅರ್ಥಗಳು ಲಾಂಛನಶಾಸ್ತ್ರದಲ್ಲಿಲ್ಲ. ಜರ್ಮನಿಯ ಎಷ್ಟೋ ಸಣ್ಣ ಊರುಗಳ ಬಣ್ಣ ಹಳೆಯ ಒಡೆಯರಿಂದ ಬಂದದ್ದು. ಕೆಂಪು ಹಿನ್ನೆಲೆಯಲ್ಲಿ ಆರು ಕಡ್ಡಿಗಳ ಬೆಳ್ಳಿ ಚಕ್ರವಿದ್ದರೆ ಸಾಮಾನ್ಯವಾಗಿ ಮೈಂಟ್ಸ್ ನಗರದ ಆರ್ಚ್‌ಬಿಷಪ್ಪರ (ನಾಡನ್ನೂ ಆಳುತ್ತಿದ್ದ ಕ್ರೈಸ್ತ ಧರ್ಮಗುರುಗಳ) ಆಳ್ವಿಕೆಯ ಗುರುತು. ಕಪ್ಪಿನ ಮೇಲೆ ಚಿನ್ನದ ಸಿಂಹವಿದ್ದರೆ ಪ್ಯಾಲಟಿನೇಟ್ ಎಂಬ ಜರ್ಮನ್ ಸಂಸ್ಥಾನದ ಅರಸರದು. ಧ್ವಜದ ಪಟ್ಟೆಗಳೂ ಹೆಚ್ಚಾಗಿ ಗುರಾಣಿಯಿಂದಲೇ ಬರುತ್ತವೆ. ಬಟ್ಟೆಯಲ್ಲಿ ಬೆಳ್ಳಿ ಬಿಳಿಯಾಗುತ್ತದೆ, ಚಿನ್ನ ಹಳದಿಯಾಗುತ್ತದೆ. ಕಾಡಿಗೆಂದು ಹಸಿರನ್ನು ಆರಿಸಿಕೊಂಡ ಊರುಗಳೂ ಇವೆ, ಆದರೆ ಆ ಅರ್ಥ ಆ ಊರಿಗಷ್ಟೇ.

ಪರೀಕ್ಷಿಸಬೇಕೇ? ಊರಿನ ಅಧಿಕೃತ ತಾಣದಲ್ಲಿ ‘ವಾಪನ್’ (Wappen, ಜರ್ಮನ್‌ನಲ್ಲಿ ಲಾಂಛನ) ಎಂಬ ಪುಟವಿದ್ದರೆ ಅನುವಾದಿಸಿ ಓದಿ. ಲಾಂಛನದ ಹಳೆಯ ಕಪ್ಪು-ಬಿಳುಪು ಮುದ್ರಣ ಸಿಕ್ಕರೆ, ಬಣ್ಣದ ಬದಲು ಹಾಕಿದ ಗೆರೆ ನೋಡಿ: ಲಂಬ ಗೆರೆ ಕೆಂಪು, ಅಡ್ಡಗೆರೆ ನೀಲಿ, ಚುಕ್ಕೆ ಚಿನ್ನ, ಖಾಲಿ ಜಾಗ ಬೆಳ್ಳಿ.