ಕಣ್ಣಿನ ಔಷಧಿಯ ಸೀಸೆ

ಹೋದ ತಿಂಗಳು ಧಾರಾಕಾರ ಮಳೆಯಲ್ಲಿ ಪಕ್ಕದ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಯಿಂದ ತಾಯಿಯೊಬ್ಬರು ನಮ್ಮ ಮನೆಗೆ ಬಂದರು. ಕೊಡೆಯನ್ನು ಜಗಲಿಯಲ್ಲಿ ಒರಗಿಸಿ, ಸೆರಗಿನ ಗಂಟು ಬಿಚ್ಚಿ ಒಂದು ಪುಟ್ಟ ಸೀಸೆಯನ್ನು ಮೇಜಿನ ಮೇಲಿಟ್ಟರು. ಕಣ್ಣಿಗೆ ಹಾಕುವ ಔಷಧಿ. "ಮಗನ ಜೇಬಿನಲ್ಲಿತ್ತು ಟೀಚರ್. ಕಣ್ಣು ನೋವೇನೋ ಅಂದುಕೊಂಡೆ" ಎಂದರು. ಜೊತೆಗೆ ತೆಳು ಕಾಗದದ ಪೊಟ್ಟಣವೂ ಇತ್ತು. ಗಾಂಜಾ ಸೇದಿ ಕೆಂಪಾದ ಕಣ್ಣು ಮನೆಯವರಿಗೆ ಕಾಣಬಾರದೆಂದು ಹುಡುಗರು ಈ ಔಷಧಿ ಹಾಕಿಕೊಳ್ಳುತ್ತಾರೆ. ಅವನಿಗೆ ಮಗ್ಗಿ ಕಲಿಸಿದವಳು ನಾನು. ಸೀಸೆಯ ಗುಟ್ಟನ್ನು ಆ ತಾಯಿಗೆ ಹೇಳಲು ಮೊದಲು ನಾಲಿಗೆ ಏಳಲಿಲ್ಲ. ಕೊನೆಗೆ ಹೇಳಿದಾಗ ಅವರು ಕೇಳಿದ್ದು ಇಷ್ಟೇ:

"ಪೊಲೀಸರಿಗೆ ಹೇಳಿದರೆ ಜೈಲು. ಹೇಳದಿದ್ದರೆ ಮಗ ಕೈತಪ್ಪಿ ಹೋಗುತ್ತಾನೆ. ಯಾರಿಗೆ ಹೇಳಲಿ?"

ಕೊಡಗು ಕೇರಳವನ್ನು ಸೇರುವ ಕುಟ್ಟ, ಮಾಕುಟ್ಟ, ಕರಿಕೆಯ ಗಡಿಗಳಲ್ಲಿ ತಪಾಸಣೆ ಬಿಗಿಯಾಗಲಿ, ಮಾರುವವರು ಸಿಕ್ಕಿಬೀಳಲಿ. ಅದು ಪೊಲೀಸರ ಕೆಲಸ. ಆದರೆ ಈ ತಾಯಿಯ ಪ್ರಶ್ನೆಗೆ ಠಾಣೆಯಲ್ಲಿ ಉತ್ತರವಿಲ್ಲ, ಊರಿನಲ್ಲಿರಬೇಕು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಏನು ಹೇಳುತ್ತದೆ ಗೊತ್ತೇ? ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಆ ಪ್ರಕರಣದಲ್ಲಿ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ; ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ಹೋಗಬಹುದು. ಇಷ್ಟು ವರ್ಷ ವ್ಯಸನ ವಿರೋಧಿ ಜಾಥಾಗಳಲ್ಲಿ ನಡೆದ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಜೂನ್ 26ನ್ನು ಮಾದಕ ವ್ಯಸನ ವಿರೋಧಿ ದಿನವೆಂದು ವಿಶ್ವಸಂಸ್ಥೆ ನಿರ್ಧರಿಸಿದ್ದು 1987ರಲ್ಲಿ. ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗ ಅದಕ್ಕೂ ಹಳೆಯದು, 1946ರದು. ಸ್ವಯಂಸೇವಾ ಸಂಸ್ಥೆಗಳು ವಿಯೆನ್ನಾದಲ್ಲಿ ತಮ್ಮದೇ ಸಮಿತಿ ಕಟ್ಟಿಕೊಂಡದ್ದು 1983ರಲ್ಲಿ. 2016ರಲ್ಲಿ ನ್ಯೂಯಾರ್ಕಿನಲ್ಲಿ ಮಾದಕ ವಸ್ತುಗಳ ಸಮಸ್ಯೆ ಕುರಿತು ವಿಶ್ವಸಂಸ್ಥೆಯ ವಿಶೇಷ ಅಧಿವೇಶನ ಸೇರುವ ಮುನ್ನ ಇಂಥ ಸಂಸ್ಥೆಗಳು ಒಂದು ಕಾರ್ಯಪಡೆ ರಚಿಸಿ, ವ್ಯಸನದಿಂದ ಹೊರಬಂದವರು, ಅವರ ಮನೆಯವರು, ಮಾದಕ ಬೆಳೆ ಬೆಳೆಯುವ ರೈತರು, ಯುವಜನರ ಮಾತನ್ನು ಸರ್ಕಾರಗಳ ಮುಂದಿಟ್ಟವು. ನೊಂದವರನ್ನು ಬಿಟ್ಟು ನೀತಿ ರೂಪಿಸಲಾಗದು ಎಂಬುದನ್ನು ಜಗತ್ತು ಒಪ್ಪಲು ಇಷ್ಟು ಕಾಲ ಬೇಕಾಯಿತು. ನಮ್ಮ ತಾಲ್ಲೂಕಿನ ಸಭೆಗಳಲ್ಲಿ ಈ ತಾಯಿಗೆ ಇಂದಿಗೂ ಒಂದು ಕುರ್ಚಿಯಿಲ್ಲ.

ಕೊಡಗಿಗೆ ಇದು ಅಸಾಧ್ಯವೇನಲ್ಲ. 1997ರಿಂದ ಕೌಟುಂಬಿಕ ಹಾಕಿ ಪಂದ್ಯಾವಳಿಗಾಗಿ ನೂರಾರು ಕುಟುಂಬಗಳನ್ನು ಒಂದೇ ಮೈದಾನಕ್ಕೆ ತಂದ ನಾಡು ಇದು. ಕೊಡವ ಸಮಾಜ, ಗೌಡ ಸಮಾಜ, ಜಮಾಅತ್, ಚರ್ಚ್, ಸ್ತ್ರೀಶಕ್ತಿ ಸಂಘ, ತೋಟದ ಲೆಕ್ಕ ಬರೆಯುವ ರೈಟರ್, ಹೋಂಸ್ಟೇ ಮಾಲೀಕರು, ಆಶಾ ಕಾರ್ಯಕರ್ತೆಯರು ತಿಂಗಳಿಗೊಮ್ಮೆ ವೈದ್ಯರು ಮತ್ತು ಪೊಲೀಸರ ಜೊತೆ ಕೂರಲಿ. ಒಂದು ಮಾತು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ: ಸಂಘಗಳನ್ನು ಮಾಹಿತಿದಾರರನ್ನಾಗಿ ಮಾಡಬೇಡಿ. ನನ್ನ ಬಳಿ ಅತ್ತು ಹೇಳಿದ ಹೆಸರು ಮರುದಿನ ಠಾಣೆಯ ಪುಸ್ತಕ ಸೇರಿದರೆ ಇನ್ನೊಬ್ಬ ತಾಯಿ ಈ ಜಗಲಿ ಹತ್ತುವುದಿಲ್ಲ.

ಆ ಸಂಜೆಯೇ 14446ಕ್ಕೆ ಕರೆ ಮಾಡಿದೆವು. ಅದು ವ್ಯಸನಮುಕ್ತಿ ಸಹಾಯವಾಣಿ, ಹಣ ಬೇಕಿಲ್ಲ. ಆ ವಾರವೇ ಸರ್ಕಾರಿ ಆಸ್ಪತ್ರೆಗೆ ಹೋದೆವು. ಹುಡುಗ ದಾರಿಯುದ್ದಕ್ಕೂ ಮಾತಾಡಲಿಲ್ಲ, ಬಸ್ಸಿನ ಕಿಟಕಿಗೆ ಹಣೆಯೊತ್ತಿ ಕುಳಿತಿದ್ದ. ಮರಳಿ ಬರುವಾಗ "ಮುಂದಿನ ಸಲವೂ ಬರುತ್ತೀರಾ ಟೀಚರ್?" ಎಂದು ಕೇಳಿದ. ಮಂಗಳವಾರ ಮತ್ತೆ ಹೋಗುತ್ತಿದ್ದೇವೆ.