ಟ್ಯೂಸ್‌ಡೇ ವೀಕ್, ಹಾಫ್ ಎಯ್ಟ್-ಇಶ್

ಮನೆಯನ್ನು ಬೆಚ್ಚಗಿಡುವ ನಮ್ಮ ಬಾಯ್ಲರ್ ಕೆಟ್ಟು ಕೂತಿದೆ. ಇಂಗ್ಲೆಂಡಿನ ಲೀಡ್ಸ್‌ನ ನವೆಂಬರ್ ಚಳಿ ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು. ಗೊತ್ತಿಲ್ಲದವರಿಗೆ: ಮಂಕಿ ಕ್ಯಾಪ್ ಹಾಕಿಕೊಂಡು ದೋಸೆ ಹುಯ್ಯುತ್ತಿದ್ದೇನೆ. ಹಿಟ್ಟು ಹುಳಿ ಬಂದಿಲ್ಲ, ಅದು ಬೇರೆ ಸಂಕಟ.

ರಿಪೇರಿಯವನಿಗೆ ಫೋನ್ ಮಾಡಿದಾಗ 'ಟ್ಯೂಸ್‌ಡೇ ವೀಕ್, ಹಾಫ್ ಎಯ್ಟ್-ಇಶ್, ಲವ್' ಅಂದಿದ್ದ. ಇದನ್ನು ಬಿಡಿಸೋಕೆ ಪಂಚಾಂಗವೇ ಬೇಕು. ಟ್ಯೂಸ್‌ಡೇ ವೀಕ್ ಅಂದರೆ ಬರುವ ಮಂಗಳವಾರ ಅಲ್ಲ, ಅದು ಕಳೆದು ಒಂದು ವಾರಕ್ಕೆ ಬರುವ ಮಂಗಳವಾರ. ಹಾಫ್ ಎಯ್ಟ್ ಅಂದರೆ ಎಂಟೂವರೆ. ಇಶ್ ಅಂದರೆ ದೇವರೇ ಗತಿ.

ಈ ಹಾಫ್ ಇದೆಯಲ್ಲ, ಅದು ಇಂಗ್ಲಿಷ್ ಚಾನೆಲ್ ದಾಟಿದರೆ ಉಲ್ಟಾ. ಜರ್ಮನಿಯಲ್ಲಿ ಹಾಲ್ಬ್ ಸೀಬೆನ್ ಅಂದರೆ ಏಳಕ್ಕೆ ಅರ್ಧ ಗಂಟೆ ಮುಂಚೆ, ಆರೂವರೆ. ಸ್ಟುಟ್‌ಗಾರ್ಟ್‌ನಲ್ಲಿ ವರ್ಷಗಟ್ಟಲೆ ಇದ್ದು ಇಲ್ಲಿಗೆ ಬಂದ ನಮ್ಮ ಧಾರವಾಡದ ಗೆಳೆಯನನ್ನು ಇಂಗ್ಲಿಷ್ ದಂಪತಿ ಹಾಫ್ ಸೆವೆನ್‌ಗೆ ಊಟಕ್ಕೆ ಕರೆದರು. ಆರೂವರೆಗೆ ಸರಿಯಾಗಿ, ಹೂಗುಚ್ಛ ಹಿಡಿದು ಬೆಲ್ ಮಾಡಿದ. ಮನೆಯೊಡತಿ ತಲೆಗೆ ಟವಲ್ ಸುತ್ತಿಕೊಂಡು ಬಾಗಿಲು ತೆಗೆದಳಂತೆ. ಪುಣ್ಯಕ್ಕೆ ಮೈಗೂ ಒಂದು ಇತ್ತು.

ಇನ್ನು ಈ ಯಾರ್ಕ್‌ಷೈರ್‌ನ ಹಳಬರ ಬಾಯಲ್ಲಿ 'ನೈನ್ ವೈಲ್ ಫೈವ್' ಅಂದರೆ ಒಂಬತ್ತರಿಂದ ಐದರವರೆಗೆ. ವೈಲ್ ಅಂದರೆ ಅವರಿಗೆ 'ತನಕ'. ರೈಲ್ವೆ ಗೇಟಿನಲ್ಲಿ 'ಕೆಂಪು ದೀಪ ಮಿನುಗುವಾಗ ನಿಲ್ಲಿ' ಅಂತ ಇದೇ ವೈಲ್ ಬಳಸಿ ಇಂಗ್ಲಿಷಿನಲ್ಲಿ ಬೋರ್ಡ್ ಹಾಕಿದರೆ, ಇಲ್ಲಿನವರು ದೀಪ ಮಿನುಗುವ ತನಕ ಕಾದು ಆಮೇಲೆ ಹಳಿ ದಾಟುತ್ತಾರೆ ಅನ್ನೋದು ಹಳೇ ಜೋಕು. ಈ ಊರಿನವರೇ ಹೇಳಿಕೊಂಡು ನಗುತ್ತಾರೆ.

ಆಫೀಸಿನದು ಇನ್ನೊಂದು ರಗಳೆ. ಬೆಂಗಳೂರಿನಲ್ಲಿದ್ದಾಗ ಮೀಟಿಂಗ್ 'ಪ್ರಿಪೋನ್' ಆಗಿದೆ ಅಂದರೆ ಮುಗಿಯಿತು, ಎಲ್ಲರಿಗೂ ಅರ್ಥವಾಗುತ್ತಿತ್ತು. ಇಲ್ಲಿ ಆ ಮಾತಿಗೆ ಮುಸಿಮುಸಿ ನಗುತ್ತಾರೆ. ಇವರದ್ದು ಏನು? ಬುಧವಾರದ ಮೀಟಿಂಗ್ ಎರಡು ದಿನ 'ಮೂವ್ಡ್ ಫಾರ್ವರ್ಡ್' ಅಂತ ಮೇಲ್ ಬರುತ್ತದೆ. ಕೆಲವರು ಸೋಮವಾರ ಅಂದುಕೊಳ್ಳುತ್ತಾರೆ, ಕೆಲವರು ಶುಕ್ರವಾರ. ಮನಶ್ಶಾಸ್ತ್ರಜ್ಞರು ಇದೇ ಪ್ರಶ್ನೆಯನ್ನು ವಿಮಾನ ನಿಲ್ದಾಣದಲ್ಲಿ ಜನರಿಗೆ ಕೇಳಿ, 2002ರಲ್ಲಿ ಅದರ ಮೇಲೆ ಪ್ರಬಂಧವನ್ನೇ ಬರೆದಿದ್ದಾರೆ. ಆಗಷ್ಟೇ ವಿಮಾನ ಇಳಿದವರು ಜಾಸ್ತಿ ಶುಕ್ರವಾರ ಅಂದರಂತೆ. ಬರುವವರಿಗಾಗಿ ಕಾಯುತ್ತಾ ನಿಂತವರಲ್ಲಿ ಅರ್ಧಕ್ಕರ್ಧ ಸೋಮವಾರದ ಕಡೆ. ಬಾಯ್ಲರ್ ರಿಪೇರಿಯವನಿಗಾಗಿ ಕಾಯುತ್ತಾ ಕೂತವರನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಬೇರೆಯದೇ ಉತ್ತರ ಸಿಗುತ್ತಿತ್ತು, ಅಚ್ಚು ಹಾಕುವಂಥದ್ದಲ್ಲ.

ಹೊರಡುವ ಮೊದಲೇ 'ಬಂದೇಬಿಟ್ಟೆ' ಅನ್ನುವವರು ನಮ್ಮಲ್ಲಿ ಕಮ್ಮಿಯೇನಿಲ್ಲ. ಆದರೆ ಅದನ್ನು ನಂಬಿ ಯಾರೂ ಬಾಗಿಲಲ್ಲಿ ನಿಲ್ಲುವುದಿಲ್ಲ ನೋಡಿ. ಇವರು ಹಾಗಲ್ಲ. ಗಟ್ಟಿಯಾಗಿ ಒಂದು ಅಂಕಿ ಕೊಡುತ್ತಾರೆ, ಪಕ್ಕದಲ್ಲಿ ಒಂದು ಸಣ್ಣ ಪದ ಅಂಟಿಸಿ ಅದನ್ನು ವಾಪಸ್ ಕಿತ್ತುಕೊಳ್ಳುತ್ತಾರೆ. 'ಎ ಗುಡ್ ಟ್ವೆಂಟಿ ಮಿನಿಟ್ಸ್' ಅಂದರೆ ಇಪ್ಪತ್ತು ದಾಟುತ್ತದೆ. ಗುಡ್ ಯಾರಿಗೆ? 'ದ ಬೆಸ್ಟ್ ಪಾರ್ಟ್ ಆಫ್ ಆನ್ ಅವರ್' ಅಂದರೆ ಹೆಚ್ಚುಕಮ್ಮಿ ಇಡೀ ಗಂಟೆ. ಆ ಬೆಸ್ಟ್ ಭಾಗವನ್ನು ನಾನು ಇವತ್ತು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಕಿಟಕಿ ಪಕ್ಕ ಕೂತು ಕಳೆದೆ.

ಎಂಟೂವರೆಗೆ ಯಾರೂ ಬರಲಿಲ್ಲ. ಒಂಬತ್ತು ದಾಟಿದ ಮೇಲೆ ಮೆಸೇಜು: 'ಬಿ ವಿತ್ ಯು ಇನ್ ಎ ಬಿಟ್.' ಬಿಟ್ ಅಂದರೆ ಎಷ್ಟಪ್ಪಾ ಅಂತ ಮರ್ಯಾದೆಯಿಂದ ಕೇಳಿದೆ. 'ಹಾಫ್ ಆನ್ ಅವರ್, ಟಾಪ್ಸ್.' ಟಾಪ್ಸ್ ಅಂದರೆ ಅದಕ್ಕಿಂತ ಜಾಸ್ತಿ ಆಗುವುದೇ ಇಲ್ಲ ಅಂತ. ಆಯಿತು. ಹತ್ತೂವರೆಗೆ 'ಟೂ ಟಿಕ್ಸ್.' ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಕೂತೆ. ಎರಡಾಯಿತು, ಇನ್ನೂರಾಯಿತು, ಗಡಿಯಾರಕ್ಕೇ ಬೇಜಾರಾಗಿರಬೇಕು. ಹನ್ನೊಂದೂವರೆಗೆ 'ಜಸ್ಟ್ ರೌಂಡ್ ದ ಕಾರ್ನರ್.' ನಮ್ಮ ಬೀದಿಗೆ ಇರುವುದೇ ಎರಡು ತಿರುವು, ಎರಡೂ ನಮ್ಮ ಕಿಟಕಿಗೆ ಕಾಣುತ್ತವೆ. ಒಂದರಲ್ಲಿ ಕಸದ ಡಬ್ಬ ಇತ್ತು, ಇನ್ನೊಂದರಲ್ಲಿ ಪಕ್ಕದ ಮನೆ ಬೆಕ್ಕು. ಬೆಕ್ಕು ನನ್ನನ್ನು ನೋಡಿದ ರೀತಿ ನೋಡಿದರೆ ಅದಕ್ಕೆ ವಿಷಯ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಊರಲ್ಲಿ ಅಮ್ಮ 'ಹಂಡೆ ನೀರು ಕಾಯೋ ಅಷ್ಟೊತ್ತಿಗೆ ಬಂದ್ಬಿಡ್ರೇ' ಅಂತ ಕೂಗುತ್ತಿದ್ದಳು. ಗಂಟೆ ಇಲ್ಲ, ನಿಮಿಷ ಇಲ್ಲ. ಅಡಿಕೆ ಸಿಪ್ಪೆಯ ಹೊಗೆ ಹೆಂಚಿನ ಸಂದಿಯಿಂದ ಮೇಲೆದ್ದಾಗ ತೋಟದಿಂದ ಹೊರಟರೆ, ಬಚ್ಚಲು ಸೇರುವಾಗ ನೀರು ಸರಿಯಾಗಿ ಕುದಿಯುತ್ತಿತ್ತು. ಈಗ ಅಲ್ಲೂ ಗೀಸರ್. ತಾಮ್ರದ ಹಂಡೆಯಲ್ಲಿ ಕ್ರೋಟನ್ ಗಿಡ ಬೆಳೆದಿದೆ. ಅಮ್ಮನೂ ಈಗ ಫೋನ್ ಮಾಡಿದರೆ 'ಟೆನ್ ಮಿನಿಟ್ಸ್ ಬಿಟ್ಟು ಮಾಡೇ, ಧಾರಾವಾಹಿ ಮುಗೀಲಿ' ಅನ್ನುತ್ತಾಳೆ.

ಪುಣ್ಯಾತ್ಮ ಬಂದಾಗ ಮಧ್ಯಾಹ್ನ. ತಡವಾಯಿತು ಅನ್ನುವ ಲಕ್ಷಣವೇ ಮುಖದಲ್ಲಿಲ್ಲ. ಚಹಾ ಕುಡಿದ. ಬಾಯ್ಲರ್ ಮುಚ್ಚಳ ತೆಗೆದು, ಒಳಗೆ ಟಾರ್ಚ್ ಬಿಟ್ಟು, ನಮ್ಮೂರ ಡಾಕ್ಟರರ ಹಾಗೆ 'ಹ್ಞೂಂ' ಅಂದ. ಪಾರ್ಟ್ ತರಿಸಬೇಕಂತೆ. ಯಾವಾಗ ಬರುತ್ತದೆ? 'ಬ್ಯಾಕ್ ಎಂಡ್ ಆಫ್ ನೆಕ್ಸ್ಟ್ ವೀಕ್, ಆಲ್ ಬೀಯಿಂಗ್ ವೆಲ್.' ಅಂದರೆ ಮುಂದಿನ ವಾರದ ಕೊನೆಗೆ, ಎಲ್ಲ ನೆಟ್ಟಗಿದ್ದರೆ.

ಇನ್ನು ಬಾಯಿಮಾತು ಬೇಡ ಅಂತ ಊರಿಂದ ತಂದ ಗೋಡೆ ಕ್ಯಾಲೆಂಡರನ್ನೇ ಮೊಳೆಯಿಂದ ತೆಗೆದು ಮುಂದೆ ಹಿಡಿದೆ. ಪೆನ್ನೂ ಕೊಟ್ಟೆ. ಯಾವ ದಿನವೋ ಅದಕ್ಕೆ ಸುತ್ತು ಹಾಕಪ್ಪಾ ಅಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ತುಂಬ ಶ್ರದ್ಧೆಯಿಂದ, ಗುರುವಾರ, ಶುಕ್ರವಾರ, ಶನಿವಾರ ಮೂರೂ ಸೇರುವ ಹಾಗೆ ದೊಡ್ಡದಾಗಿ ಒಂದು ಮೊಟ್ಟೆ ಬರೆದುಕೊಟ್ಟ.