ಮೂರು ದಿನ ನೆಟ್ ಇಲ್ಲದಿದ್ದರೆ ನಿಮ್ಮ ಫೋನಿನಲ್ಲಿ ಏನೇನು ಉಳಿಯುತ್ತದೆ?

ಕಳೆದ ಮಳೆಗಾಲದಲ್ಲಿ ನಮ್ಮೂರಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಶಿರಸಿಯಿಂದ ಒಳಗೆ, ತೋಟದ ನಡುವೆ ನಮ್ಮ ಮನೆ. ಗಾಳಿಗೆ ಅಡಿಕೆ ಮರ ಮುರಿದು ತಂತಿ ಮೇಲೆ ಬಿದ್ದಿತ್ತು. ಲೈನ್‌ಮನ್‌ಗಳು ಆ ಸುರಿಯುವ ಮಳೆಯಲ್ಲೇ ಕಂಬ ಹತ್ತಿ ಕೆಲಸ ಮಾಡುತ್ತಿದ್ದರು. ಅವರ ಬಗ್ಗೆ ನನಗೆ ಗೌರವ ಬಿಟ್ಟು ಬೇರೇನೂ ಇಲ್ಲ. ಮೊದಲ ದಿನ ಸಂಜೆಯೊಳಗೆ ಟವರ್‌ನ ಬ್ಯಾಟರಿಯೂ ಮುಗಿಯಿತು. ಫೋನಿನಲ್ಲಿ ಸಿಗ್ನಲ್ ಹೋಯಿತು. ಮನೆಯ ಇನ್ವರ್ಟರ್ ಇತ್ತು, ಪಕ್ಕದ ಮನೆಯವರು ಸಂಜೆ ಒಂದು ತಾಸು ಜನರೇಟರ್ ಹಾಕುತ್ತಿದ್ದರು. ಹಾಗಾಗಿ ಲ್ಯಾಪ್‌ಟಾಪ್‌ಗೆ ಚಾರ್ಜ್ ಸಿಗುತ್ತಿತ್ತು. ನೆಟ್ ಮಾತ್ರ ಇರಲಿಲ್ಲ.

ಅದಕ್ಕೆ ಎರಡು ವಾರ ಮೊದಲು ನಾನು ಒಂದು ಗೇಮ್ ತೆಗೆದುಕೊಂಡಿದ್ದೆ. ಒಬ್ಬರೇ ಕೂತು ಆಡುವ, ಕಥೆ ಇರುವ ಗೇಮ್. ಬೇರೆಯವರ ಜೊತೆ ಆನ್‌ಲೈನ್‌ನಲ್ಲಿ ಆಡುವಂಥದ್ದೇನೂ ಅದರಲ್ಲಿಲ್ಲ. ರಿಯಾಯಿತಿಯಲ್ಲೂ ಸಾವಿರ ರೂಪಾಯಿ ಮೇಲಾಗಿತ್ತು. ನಮ್ಮ ನೆಟ್‌ನಲ್ಲಿ 70 ಜಿಬಿ ಇಳಿಸೋಕೆ ಎರಡು ರಾತ್ರಿ ಹಿಡಿದಿತ್ತು. ಹೊರಗೆ ಹೋಗೋಕಾಗದ ಮಳೆ, ಕೈಯಲ್ಲಿ ಸಮಯ. ಆಡೋಣ ಅಂತ ಕೂತೆ. ಗೇಮ್ ಕೊಂಡ ಆನ್‌ಲೈನ್ ಅಂಗಡಿಯ ಆ್ಯಪ್ ನೆಟ್ ಇಲ್ಲದೆಯೂ ನಡೆಯುವ ಆಫ್‌ಲೈನ್ ಮೋಡ್‌ನಲ್ಲಿ ತೆರೆಯಿತು. ಆದರೆ ಗೇಮ್ ಒತ್ತಿದ ಕೂಡಲೇ ಅದನ್ನು ತಯಾರಿಸಿದ ಕಂಪನಿಯದ್ದೇ ಇನ್ನೊಂದು ಲಾಂಚರ್, ಅಂದರೆ ಗೇಮ್ ಶುರು ಮಾಡಿಸುವ ಆ್ಯಪ್, ಬಂತು. ಲಾಗಿನ್ ಆಗಿ ಅಂತು. ನೆಟ್ ಇಲ್ಲ ಅಂದಮೇಲೆ ಅಲ್ಲಿಗೆ ಮುಗಿಯಿತು. 70 ಜಿಬಿ ನನ್ನ ಹಾರ್ಡ್ ಡಿಸ್ಕ್‌ನಲ್ಲೇ ಇದೆ, ದುಡ್ಡು ಕೊಟ್ಟಾಗಿದೆ, ಆದರೂ ಬಾಗಿಲು ತೆರೆಯಲಿಲ್ಲ.

ಅಕ್ಕನ ಮಗ ರಜೆಗೆ ಬಂದಿದ್ದ. ಅವನಿಗೆ ಅಂತ ಟ್ಯಾಬ್‌ನಲ್ಲಿ ಎರಡು ಸಿನಿಮಾ ಡೌನ್‌ಲೋಡ್ ಮಾಡಿಟ್ಟಿದ್ದೆ. ಮೊದಲ ದಿನ ಅರ್ಧ ನೋಡಿ ಮಲಗಿದ. ಮೂರನೇ ದಿನ ತೆರೆದರೆ ಅವಧಿ ಮುಗಿದಿದೆ, ನೆಟ್‌ಗೆ ಬನ್ನಿ ಎಂಬ ಸಂದೇಶ. ಒಂಬತ್ತು ವರ್ಷದ ಹುಡುಗನಿಗೆ ಇದನ್ನು ಹೇಗೆ ವಿವರಿಸೋದು? 'ಇಲ್ಲೇ ಇದ್ಯಲ್ಲ ಮಾಮ' ಅಂತ ಅವನು ಕೇಳುತ್ತಲೇ ಇದ್ದ.

ಅದೇ ರಾತ್ರಿ ಅಪ್ಪಯ್ಯ ಜಗಲಿಯಲ್ಲಿ ಪೆನ್‌ಡ್ರೈವ್ ಹಾಕುವ ಪುಟ್ಟ ರೇಡಿಯೊ ಇಟ್ಟುಕೊಂಡು ಯಕ್ಷಗಾನ ಕೇಳುತ್ತಿದ್ದರು. ನೆಬ್ಬೂರು ನಾರಾಯಣ ಭಾಗವತರ ಪದ್ಯ, ಕೆರೆಮನೆ ಶಂಭು ಹೆಗಡೆಯವರ ಮಾತು. ದೊಡ್ಡಪ್ಪ ಎಷ್ಟೋ ವರ್ಷದ ಹಿಂದೆ ಆಟದ ಬಯಲಿನಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತು ಹಿಡಿದ ಧ್ವನಿ ಅದು. ಶಂಭು ಹೆಗಡೆಯವರು ಹೋಗಿದ್ದು 2009ರಲ್ಲಿ, ನೆಬ್ಬೂರರು ಹೋಗಿದ್ದು 2019ರಲ್ಲಿ. ದೊಡ್ಡಪ್ಪನೂ ಈಗ ಇಲ್ಲ. ಪದ್ಯ ಮಾತ್ರ ಮಳೆಯ ಸದ್ದಿನ ಮೇಲೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದಕ್ಕೆ ಯಾರ ಲಾಗಿನ್ನೂ ಬೇಕಿರಲಿಲ್ಲ.

ನಾನು ಹೊಸ ತಂತ್ರಜ್ಞಾನ ಅಂದರೆ ಜೀವ ಬಿಡುವವನು. ಊರಲ್ಲಿ ಯಾರ ಫೋನ್ ಕೆಟ್ಟರೂ ನನ್ನ ಹತ್ತಿರ ಬರುತ್ತಾರೆ, ನನಗದು ಖುಷಿ. ಹಳೆಯದೇ ಚೆಂದ ಎಂದು ಹೇಳುವ ಉದ್ದೇಶ ನನಗಿಲ್ಲ. ಆದರೆ ಆ ಮೂರು ದಿನದ ನಂತರ ಯಾವ ಸಾಫ್ಟ್‌ವೇರ್ ನೋಡಿದರೂ ನಾನು ಮೊದಲು ಕೇಳುವುದು ಒಂದೇ. ನೆಟ್ ಹೋದರೆ ಇದು ನಡೆಯುತ್ತದಾ? ನಡೆಯಲ್ಲ ಅಂದರೆ, ಮಾರುವವರು ಅದನ್ನು ಮೊದಲೇ ಹೇಳಬೇಕು. 'ಖರೀದಿಸಿ' ಎಂಬ ಬಟನ್ ಹಾಕಬಾರದು.

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾನೂನೇ ಬಂದಿದೆ. 2024ರಲ್ಲಿ ಪಾಸಾಗಿ 2025ರ ಜನವರಿ 1ರಿಂದ ಜಾರಿಯಾಯಿತು. ಡಿಜಿಟಲ್ ಗೇಮ್, ಸಿನಿಮಾ, ಪುಸ್ತಕ ಮಾರುವಾಗ ಗಿರಾಕಿಗೆ ಸಿಗುವುದು ಬರೀ ಬಳಸುವ ಪರವಾನಗಿ ಆಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು. ಕಾನೂನು ಜಾರಿಗೆ ಬರುವ ಮೊದಲೇ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ದುಡ್ಡು ಕಟ್ಟುವ ಜಾಗದಲ್ಲಿ ಅಂಥ ಒಂದು ಸಾಲು ಬಂತು. ಇಷ್ಟು ವರ್ಷ ನಾವು ಏನು ಕೊಳ್ಳುತ್ತಿದ್ದೆವು ಅನ್ನುವುದು ಆ ಒಂದು ಸಾಲಿನಲ್ಲಿದೆ. ಇಷ್ಟವಾಗದಿದ್ದರೂ ಹೇಳಿದ್ದು ಒಳ್ಳೆಯದೇ ಆಯಿತು.

ಪರವಾನಗಿ ಹೋದರೆ ಏನಾಗುತ್ತದೆ ಅನ್ನೋದಕ್ಕೆ ದಿ ಕ್ರೂ ಎಂಬ ಕಾರ್ ರೇಸ್ ಗೇಮ್ ನೋಡಬೇಕು. ಯೂಬಿಸಾಫ್ಟ್ ಕಂಪನಿ 2014ರಲ್ಲಿ ಹೊರತಂದಿದ್ದು. ಇಡೀ ಅಮೆರಿಕವನ್ನು ಚಿಕ್ಕದು ಮಾಡಿ ನಕ್ಷೆಯಲ್ಲಿ ಇಟ್ಟಿದ್ದರು. ಸುಮ್ನೆ ಒಬ್ಬರೇ ಗಾಡಿ ಓಡಿಸಿಕೊಂಡು ಊರೂರು ಸುತ್ತಬಹುದಿತ್ತು. ಆದರೆ ಒಬ್ಬರೇ ಆಡಿದರೂ ಕಂಪನಿಯ ಸರ್ವರ್, ಅಂದರೆ ನೆಟ್ ಮೂಲಕ ಸೇರುವ ಅವರ ಕಡೆಯ ಕಂಪ್ಯೂಟರ್, ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಡಿಸ್ಕ್ ಕೊಂಡವರ ಕೈಯಲ್ಲಿ ಡಿಸ್ಕ್ ಇತ್ತು, ಗೇಮ್ ಇರಲಿಲ್ಲ. ಹತ್ತು ವರ್ಷ ತುಂಬುವುದಕ್ಕೂ ಮುಂಚೆ ಹೀಗಾಯಿತು. ಮನೆಯ ಮಿಕ್ಸಿ ಹತ್ತು ವರ್ಷಕ್ಕೆ ಕೆಟ್ಟರೆ ಶಿರಸಿ ಪೇಟೆಯಲ್ಲಿ ರಿಪೇರಿ ಮಾಡಿಸುತ್ತೇವೆ. ಕಂಪನಿಯವರು ದೂರದಿಂದ ಸ್ವಿಚ್ ಆಫ್ ಮಾಡಿದರೆ ಸಹಿಸುತ್ತೇವಾ?

ಆ ಸಿಟ್ಟಿನಲ್ಲೇ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಎಂಬ ಚಳವಳಿ ಶುರು ಮಾಡಿದರು. ಯುರೋಪಿಯನ್ ಒಕ್ಕೂಟಕ್ಕೆ ಕೊಡುವ ಮನವಿಗೆ ಅಲ್ಲಿನ ಜನ ಸಹಿ ಹಾಕಿದರು, 2025ರ ಜುಲೈನಲ್ಲಿ ಆ ಮನವಿ 10 ಲಕ್ಷ ಸಹಿ ದಾಟಿತು. ಆ ಸುದ್ದಿ ಓದಿದ ದಿನ ನನಗೆ ನಿಜವಾಗಿ ಸಂತೋಷ ಆಯಿತು. ದೂರದ ಊರಿನ, ಗುರುತಿಲ್ಲದ ಅಷ್ಟು ಜನ ನನ್ನ ಹಾಗೇ ಯೋಚಿಸಿದ್ದಾರಲ್ಲ ಅಂತ.

ನನ್ನ ತಂಗಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅವಳದ್ದು ಬೇರೆ ವಾದ. ಸರ್ವರ್ ನಡೆಸೋಕೆ ಪ್ರತಿ ತಿಂಗಳು ಖರ್ಚಿದೆ, ಆಡುವವರೇ ಇಲ್ಲದ ಗೇಮ್‌ಗೆ ಕಂಪನಿ ಎಷ್ಟು ವರ್ಷ ದುಡ್ಡು ಸುರಿಯಬೇಕು ಅಂತಾಳೆ. ಮಾತು ಸರಿಯಾಗಿಯೇ ಇದೆ. ಆದರೆ ಆ ಚಳವಳಿಯವರು ಸರ್ವರ್ ಸದಾ ನಡೆಸಿ ಅಂತ ಕೇಳಿಲ್ಲ. ನಿಲ್ಲಿಸುವಾಗ ಗೇಮ್ ಆಡೋಕಾಗುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅಂತಷ್ಟೇ ಕೇಳಿದ್ದು. ಅದು ಆಗದ ಕೆಲಸವೂ ಅಲ್ಲ. ಅದೇ ಯೂಬಿಸಾಫ್ಟ್ ದಿ ಕ್ರೂ 2 ಗೇಮ್‌ಗೆ ಆಫ್‌ಲೈನ್ ಮೋಡ್ ಕೊಡುತ್ತೇವೆ ಅಂತ 2024ರ ಸೆಪ್ಟೆಂಬರ್‌ನಲ್ಲಿ ತಾನೇ ಹೇಳಿತು. ನೂರು ಜನ ಸೇರಿ ಆಡುವ ಬಿಜಿಎಂಐ ಥರದ ಗೇಮ್‌ಗೆ ಸರ್ವರ್ ಬೇಕೇ ಬೇಕು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಒಬ್ಬರೇ ಆಡುವುದಕ್ಕೆ ಯಾಕೆ ಅಂತ ನನ್ನ ಪ್ರಶ್ನೆ.

ಇನ್ನೊಂದು ಬೇಸರ ಇದೆ. ದುಡ್ಡು ಕೊಡದೆ ಕ್ರ್ಯಾಕ್ ಮಾಡಿದ ಕಾಪಿ ಆಡುವವನಿಗೆ ಈ ಯಾವ ತೊಂದರೆಯೂ ಇಲ್ಲ. ಲಾಗಿನ್ ಕಿತ್ತು ಹಾಕಿರುತ್ತಾರೆ, ನೆಟ್ ಇಲ್ಲದೆಯೂ ಓಡುತ್ತದೆ. ದುಡ್ಡು ಕೊಟ್ಟವನು ಮಾತ್ರ ಬಾಗಿಲ ಹೊರಗೆ ಕಾಯಬೇಕು. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಕಡೆ ಎಲ್ಲರ ಹತ್ತಿರವೂ ಕಾಪಿ ಸಿಡಿಗಳೇ. ಮಾಡಿದವರಿಗೆ ದುಡ್ಡು ಸೇರಬೇಕು ಅನ್ನುವ ಬುದ್ಧಿ ಬಂದಿದ್ದು ಆಮೇಲೆ. ಈಗ ಹುಡುಗರಿಗೂ ಅದನ್ನೇ ಹೇಳುತ್ತೇನೆ. ಆದರೆ ಮೂರು ದಿನ ಕಾದು ಕೂತವನಿಗೆ ಅದನ್ನು ಹೇಳುವುದು ಕಷ್ಟ ಆಗುತ್ತದೆ. ಪ್ರಾಮಾಣಿಕ ಗಿರಾಕಿಗೆ ಕಾಪಿಗಿಂತ ಕಡಿಮೆ ಸೌಲಭ್ಯ ಸಿಗುವುದು ತಪ್ಪು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಸರಿಯಾಗಿ ಮಾರುವವರೂ ಇದ್ದಾರೆ. ಪೋಲೆಂಡಿನ ಜಿಒಜಿ ಎಂಬ ಆನ್‌ಲೈನ್ ಅಂಗಡಿ 2008ರಿಂದ ಇಂಥ ಲಾಗಿನ್ ಬೀಗ ಇಲ್ಲದ ಗೇಮ್‌ಗಳನ್ನೇ ಮಾರುತ್ತಿದೆ. ಒಮ್ಮೆ ಗೇಮ್ ಹಾಕುವ ಫೈಲ್ (ಇನ್‌ಸ್ಟಾಲರ್) ಇಳಿಸಿ ಹಾರ್ಡ್ ಡಿಸ್ಕ್‌ಗೆ ಹಾಕಿಕೊಂಡರೆ ಮುಗಿಯಿತು, ನಾಳೆ ಅಂಗಡಿ ಮುಚ್ಚಿದರೂ ನಡೆಯುತ್ತದೆ. ದಿ ವಿಚರ್ 3, ಬಾಲ್ಡರ್ಸ್ ಗೇಟ್ 3 ಎರಡೂ ಅಲ್ಲಿ ಸಿಗುತ್ತವೆ. ಇಷ್ಟು ದೊಡ್ಡ ಗೇಮ್‌ಗಳು ಬೀಗ ಇಲ್ಲದೆಯೂ ಚೆನ್ನಾಗಿ ಮಾರಾಟ ಆಗಿವೆ. ನನಗೆ ಬಹಳ ಇಷ್ಟ ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ವರ್ಷಗಟ್ಟಲೆ ಕೂತು ಮಾಡಿ 2016ರಲ್ಲಿ ಹೊರತಂದ ಗೇಮ್ ಅದು. ಪೇಟೆಯ ಕೆಲಸ ಬಿಟ್ಟು ಹಳ್ಳಿಗೆ ಬಂದು ಅಜ್ಜನ ಜಮೀನು ಮಾಡುವ ಕಥೆ. ಬೆಂಗಳೂರು ಬಿಟ್ಟು ತೋಟಕ್ಕೆ ಬಂದ ನನಗೆ ಅದು ಹಿಡಿಸದೆ ಇರುತ್ತದಾ? ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಆ ಮಳೆಯ ಎರಡನೇ ದಿನ ಅಕ್ಕನ ಮಗ ಅದರಲ್ಲಿ ಬೀಜ ಹಾಕಿ ನೀರು ಹಾಕುತ್ತ ಕೂತ.

ಗೇಮ್ ಬಿಟ್ಟು ಬೇರೆ ಕಡೆಯೂ ಇದೇ ಕಥೆ. ಫೋಟೊಶಾಪ್ ಮಾಡುವ ಅಡೋಬಿ ಕಂಪನಿ 2013ರಲ್ಲಿ ಒಮ್ಮೆ ಕೊಂಡರೆ ಮುಗಿಯುವ ಡಬ್ಬಿಯ ಮಾರಾಟ ಬಿಟ್ಟು ತಿಂಗಳ ಬಾಡಿಗೆಗೆ ಹೋಯಿತು. ಮದುವೆ ಆಲ್ಬಂ ಮಾಡುವ ಪುಟ್ಟ ಸ್ಟುಡಿಯೊಗಳಿಗೆ ಮದುವೆ ಇಲ್ಲದ ತಿಂಗಳಲ್ಲೂ ಬಾಡಿಗೆ ತಪ್ಪುವುದಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಬರೆಯೋಕೆ ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಇದೆ, ವಿಡಿಯೊ ನೋಡೋಕೆ ವಿಎಲ್‌ಸಿ ಇದೆ. ವಿಎಲ್‌ಸಿ 1996ರಲ್ಲಿ ಪ್ಯಾರಿಸ್‌ನ ವಿದ್ಯಾರ್ಥಿಗಳು ಶುರು ಮಾಡಿದ್ದು. ಇವತ್ತಿಗೂ ಒಂದು ಜಾಹೀರಾತಿಲ್ಲ, ಯಾವ ಫೈಲ್ ಕೊಟ್ಟರೂ ಓಡಿಸುತ್ತದೆ. ಫೋನಿನಲ್ಲಿ ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ ಇಳಿಸಿಟ್ಟುಕೊಂಡಿದ್ದೇನೆ. ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಹೋದಾಗಲೂ ದಾರಿ ತೋರಿಸುತ್ತದೆ. ಯಾಣಕ್ಕೆ ಹೋಗುವ ನೆಂಟರಿಗೆಲ್ಲ ಇದನ್ನು ಹಾಕಿಕೊಟ್ಟೇ ಕಳಿಸುತ್ತೇನೆ. ಕಿವಿಕ್ಸ್ ಎಂಬ ಆ್ಯಪ್ ಹಾಕಿದರೆ ಕನ್ನಡ ವಿಕಿಪೀಡಿಯವನ್ನೂ ಹೀಗೇ ಇಳಿಸಿಟ್ಟುಕೊಂಡು ಓದಬಹುದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದನ್ನು ಹೇಳಬೇಕು. ದೊಡ್ಡಪ್ಪ ಯಕ್ಷಗಾನದ ಬಗ್ಗೆ ಬರೆದ ಟಿಪ್ಪಣಿಗಳಿದ್ದವು. ಯಾವ ಆಟ, ಯಾರ ಪಾತ್ರ, ಎಲ್ಲಿ ಪದ್ಯ ಚೆನ್ನಾಗಿ ಬಂತು, ಎಲ್ಲ. ಕೊನೆಕೊನೆಗೆ ಕಂಪ್ಯೂಟರ್‌ನಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದರು. ಈಚೆಗೆ ಆ ಫೈಲ್‌ಗಳನ್ನು ತೆರೆದರೆ ಬರೀ ಬಾಲ, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳು. ಹಳೆಯ ನುಡಿ, ಬರಹ ತಂತ್ರಾಂಶಗಳ ಫಾಂಟ್‌ಗಳಲ್ಲಿ ಹಾಗೇ. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತಿತ್ತು, ಫಾಂಟ್ ಮಾತ್ರ ಅದನ್ನು ಕನ್ನಡದ ಹಾಗೆ ತೋರಿಸುತ್ತಿತ್ತು. ಆ ಫಾಂಟ್ ಇಲ್ಲದ ಫೋನಿನಲ್ಲಿ ಕನ್ನಡ ಕಾಣುವುದಿಲ್ಲ. ಕನ್ನಡದ ಅಕ್ಷರಗಳಿಗೇ ಬೇರೆ ಸಂಕೇತ ಕೊಟ್ಟ ಯುನಿಕೋಡ್ ಬಂದಮೇಲೆ ಈ ಗೋಳು ಇಲ್ಲ. ನನಗೆ ಎದೆ ಧಸಕ್ ಅಂದಿತ್ತು. ಆದರೆ ಕನ್ನಡದ ಹುಡುಗರು ಪ್ರೀತಿಯಿಂದ ಬರೆದು ಪುಕ್ಕಟೆ ಕೊಟ್ಟ ಪರಿವರ್ತಕಗಳಿವೆ. ಅದಕ್ಕೆ ಹಾಕಿದೆ. ಒತ್ತಕ್ಷರ ಅಲ್ಲಿ ಇಲ್ಲಿ ತಪ್ಪಿತ್ತು, ಎರಡು ವಾರ ಕೂತು ತಿದ್ದಿದೆ. ಒಂದು ಪುಟವೂ ಹೋಗಲಿಲ್ಲ.

ಫೈಲ್ ಕೈಯಲ್ಲಿತ್ತು, ಅದಕ್ಕೇ ಉಳಿಸೋಕಾಯಿತು. ಆ ಟಿಪ್ಪಣಿ ಯಾವುದೋ ಕಂಪನಿಯ ಸರ್ವರ್‌ನಲ್ಲಿದ್ದು, ಕಂಪನಿ ಮುಚ್ಚಿ ಹೋಗಿದ್ದರೆ ನಾನು ಯಾರನ್ನು ಕೇಳಬೇಕಿತ್ತು? ಯಕ್ಷಗಾನದ ವಿಡಿಯೊಗಳನ್ನು ನಾನು ಒಂದು ಜಾಲತಾಣದಲ್ಲಿ ಪಟ್ಟಿ ಮಾಡಿಟ್ಟಿದ್ದೆ. ಅದರಲ್ಲಿ ಎಷ್ಟೋ ಕಡೆ ಈಗ 'ಈ ವಿಡಿಯೊ ಲಭ್ಯವಿಲ್ಲ' ಅಂತಿದೆ. ಯಾವ ವಿಡಿಯೊ ಇತ್ತು ಅನ್ನುವ ಹೆಸರೂ ಅಲ್ಲಿ ಉಳಿದಿಲ್ಲ.

ಕೈಯಲ್ಲಿಟ್ಟುಕೊಂಡರೆ ಕಾಪಾಡುವ ಕೆಲಸವೂ ನಮ್ಮದೇ, ಅದನ್ನು ಮರೆಯಬಾರದು. ನಮ್ಮ ಕಡೆಯ ಥಂಡಿಗೆ ಸಿಡಿಗಳಿಗೂ ಬೂಷ್ಟು ಹಿಡಿಯುತ್ತದೆ. ನಾನು ಹಾರ್ಡ್ ಡಿಸ್ಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ. ಗುಡುಗು ಶುರುವಾದರೆ ಪ್ಲಗ್ ಕೀಳುತ್ತೇನೆ. ಇನ್ನೊಂದು ಪ್ರತಿ ಕಾರವಾರದಲ್ಲಿ ಅಕ್ಕನ ಮನೆಯಲ್ಲಿದೆ. ವರ್ಷಕ್ಕೊಮ್ಮೆ ಎರಡನ್ನೂ ತೆರೆದು ನೋಡುತ್ತೇವೆ.

ದೊಡ್ಡಪ್ಪನ ಕ್ಯಾಸೆಟ್‌ಗಳು ಇನ್ನೂ ಮೂವತ್ತು ಬಾಕಿ ಇವೆ. 90 ನಿಮಿಷದ ಒಂದು ಕ್ಯಾಸೆಟ್ ಇಳಿಸೋಕೆ 90 ನಿಮಿಷವೇ ಬೇಕು, ಬೇಗ ಮಾಡೋಕೆ ಬರುವುದಿಲ್ಲ. ಟೇಪ್ ರೆಕಾರ್ಡರ್‌ನಿಂದ ಲ್ಯಾಪ್‌ಟಾಪ್‌ಗೆ ವೈರ್ ಹಾಕಿ, ಧ್ವನಿ ಮುದ್ರಿಸುವ ಆಡಾಸಿಟಿ ತಂತ್ರಾಂಶದಲ್ಲಿ ರೆಕಾರ್ಡ್ ಒತ್ತಿ, ನಾನೂ ಅಪ್ಪಯ್ಯನೂ ಕೂತು ಕೇಳುತ್ತೇವೆ. ಯಾರ ಧ್ವನಿ ಅಂತ ಅಪ್ಪಯ್ಯ ಹೇಳುತ್ತಾರೆ, ನಾನು ಫೈಲ್‌ಗೆ ಆ ಹೆಸರು ಹಾಕುತ್ತೇನೆ. ಕೆಲವು ಧ್ವನಿ ಅವರಿಗೂ ಗುರುತು ಸಿಗುವುದಿಲ್ಲ. ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆಯ ಹಿರಿಯರು ಯಾರಾದರೂ ಕೇಳಿ ಹೇಳುವುದಾದರೆ ಆ ತುಣುಕುಗಳನ್ನು ಕಳಿಸುತ್ತೇನೆ. ನಿಮ್ಮ ಮನೆ ಅಟ್ಟದಲ್ಲೂ ಇಂಥ ಕ್ಯಾಸೆಟ್ ಇದ್ದರೆ ಮಳೆ ಹಿಡಿಯುವುದಕ್ಕೆ ಮುಂಚೆ ಒಂದು ಮಾತು ತಿಳಿಸಿ. ನನ್ನ ಹತ್ತಿರ ಸರಿಯಾಗಿ ಓಡುವ ಟೇಪ್ ರೆಕಾರ್ಡರ್ ಇದೆ, ಭಾನುವಾರ ಬಿಡುವಿರುತ್ತೇನೆ. ಪೆನ್‌ಡ್ರೈವ್ ನೀವೇ ತನ್ನಿ.